ಅಣ್ಣ ಒರಗಿದ್ದ ಗೋಡೆ

ನಾವು ರಾಜಾಜಿನಗರಕ್ಕೆ ಬಂದಾಗ ಅದಿನ್ನೂ ನಗರ ಅನ್ನಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಒಂದೇ ನಕ್ಷೆಯಲ್ಲಿ ಕಟ್ಟಿದ ಹೆಂಚಿನ ಮನೆಗಳ ಸಾಲು, ಸಾಲಿನ ಕೊನೆಗೊಂದು ನಲ್ಲಿ, ಅದರಾಚೆ ರಾಗಿ ಹೊಲ. ಇವತ್ತು ಬಸವೇಶ್ವರನಗರ ಅನ್ನುವ ಕಡೆಯಿಂದ ಬೆಳಿಗ್ಗೆ ಹಾಲಿನವಳು, ಸೊಪ್ಪಿನವಳು ಬದುವಿನ ಮೇಲೆ ನಡೆದುಕೊಂಡು ಬರುತ್ತಿದ್ದರು. ಕಾರ್ಖಾನೆಯ ಸೈರನ್ ಕೂಗಿದರೆ ಇಡೀ ಸಾಲು ಒಟ್ಟಿಗೆ ಏಳುತ್ತಿತ್ತು, ಒಟ್ಟಿಗೆ ಒಲೆ ಹಚ್ಚುತ್ತಿತ್ತು. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ಅಮ್ಮ, ಅಣ್ಣ, ನಾನು ಇದ್ದೆವು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು.

ಆ ಕಾಲದಲ್ಲಿ ಎಲ್ಲರೂ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಶಾಂಪೂ ಹಾಕಿ ಕೂದಲು ಹಾರಿಸಿಕೊಂಡು ಓಡಾಡುವ ಈಗಿನವರಿಗೆ ಇದನ್ನು ಬಿಡಿಸಿಯೇ ಹೇಳಬೇಕು. ಎಣ್ಣೆ ಕಾಣದ ತಲೆ ಅಂದರೆ ಮನೆಯಲ್ಲಿ ಹೇಳುವವರು ಕೇಳುವವರು ಇಲ್ಲದ ತಲೆ. ಹಾಗಾಗಿ ಯಾರ ಮನೆಗೆ ಹೋದರೂ ಸುಣ್ಣದ ಗೋಡೆಯ ಮೇಲೆ, ಕೂತವರ ತಲೆ ತಾಗುವ ಎತ್ತರದಲ್ಲಿ, ಕಂದು ಬಣ್ಣದ ಒಂದು ಜಿಡ್ಡು ಗುರುತು ಇದ್ದೇ ಇರುತ್ತಿತ್ತು. ಹೆಂಗಸರಿಗೆ ಅದು ನಿತ್ಯದ ಜಗಳ. ದಸರೆಗೆ ಮುಂಚೆ ಸುಣ್ಣ ಹೊಡೆಸಿದ ದಿನ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ದೀಪಾವಳಿಯ ಹೊತ್ತಿಗೆ ಮತ್ತೆ ಅದೇ ಗೋಡೆ, ಅದೇ ಜಿಡ್ಡು.

ಅಣ್ಣ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು, ಕಾರ್ಖಾನೆಯಲ್ಲಿ ಫಿಟ್ಟರ್. ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆದು, ಮುಂಗೋಣೆಯ ಕಿಟಕಿ ಪಕ್ಕ ಚಾಪೆ ಹಾಸಿ, ಒಂದು ಮಂಡಿ ಎತ್ತಿ, ಗೋಡೆಗೆ ತಲೆ ಆನಿಸಿ ಪೇಪರು ಓದುತ್ತಿದ್ದ. ಓದುವುದಕ್ಕಿಂತ ಹೆಚ್ಚು ನಿದ್ದೆ ಮಾಡುತ್ತಿದ್ದ. ಪ್ರತಿ ಶನಿವಾರ ಅಮ್ಮ ಅವನನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಹರಳೆಣ್ಣೆ ಒತ್ತುತ್ತಿದ್ದಳು. ಕಾರ್ಖಾನೆಯ ಉರಿಯಲ್ಲಿ ನಿಂತು ಬರುವ ಮಗನ ತಲೆ ತಂಪಾಗಿರಬೇಕು ಅನ್ನುವುದು ಅವಳ ಲೆಕ್ಕ. ಒತ್ತಿದವಳೂ ಅವಳೇ, ಆಮೇಲೆ ಬೈಯುವವಳೂ ಅವಳೇ.

"ನೋಡೋ ಗೋಡೇನ. ಮನೆಗೆ ಬಂದೋರು ಏನಂತಾರೆ?"

"ದಸರಾಗೆ ಸುಣ್ಣ ಹೊಡೆದ್ರೆ ಹೋಗುತ್ತೆ ಬಿಡಮ್ಮ" ಅನ್ನುತ್ತಿದ್ದ ಅಣ್ಣ, ಪೇಪರಿನಿಂದ ಕಣ್ಣು ತೆಗೆಯದೆ.

ಆ ವರ್ಷ ದಸರೆಯವರೆಗೆ ಅವನೇ ಉಳಿಯಲಿಲ್ಲ. ಆಷಾಢದಲ್ಲಿ ಜ್ವರ ಹಿಡಿಯಿತು. ವಿಷಮಶೀತ ಅಂದರು ಡಾಕ್ಟರು. ಹದಿನೇಳು ದಿನ ಮಲಗಿದ್ದ, ಹದಿನೆಂಟನೆಯ ದಿನ ಬೆಳಿಗ್ಗೆ ಇರಲಿಲ್ಲ. ಅವನದೊಂದು ಫೋಟೋ ಸಹ ನಮ್ಮ ಹತ್ತಿರ ಇರಲಿಲ್ಲ. ಕಾರ್ಖಾನೆಯ ಗುಂಪು ಫೋಟೋ ಒಂದಿತ್ತು, ಅದರಲ್ಲಿ ಪುಣ್ಯಾತ್ಮ ಸರಿಯಾದ ಹೊತ್ತಿಗೆ ಪಕ್ಕದವನ ಕಡೆ ತಲೆ ತಿರುಗಿಸಿಬಿಟ್ಟಿದ್ದ. ಮುಖ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಮಂಜು. ದಸರೆಗೆ ಸುಣ್ಣದವನು ಬಂದಾಗ ಅಮ್ಮ ಎಲ್ಲ ಗೋಡೆಗೂ ಬಳಿಸಿದಳು, ಕಿಟಕಿ ಪಕ್ಕದ ಗೋಡೆ ಒಂದನ್ನು ಬಿಟ್ಟು. ಸುಣ್ಣದವನು ಏನೋ ಕೇಳುವುದಕ್ಕೆ ಹೋದ, ನಾನು ಸುಮ್ಮನಿರು ಎಂದು ಕಣ್ಣುಸನ್ನೆ ಮಾಡಿದೆ. ಅವತ್ತಿನಿಂದ ಸಂಜೆ ಅಕ್ಕಿ ಆರಿಸುವುದು, ಹೂ ಕಟ್ಟುವುದು ಎಲ್ಲ ಆ ಗುರುತಿನ ಕೆಳಗೆ ಕೂತು. ಅಲ್ಲಿ ಅವಳು ತಲೆ ಆನಿಸುತ್ತಿರಲಿಲ್ಲ. ಮುಂದಕ್ಕೆ ಬಾಗಿ ಕೂರುತ್ತಿದ್ದಳು, ತನ್ನ ಕೂದಲು ಅದಕ್ಕೆ ತಾಗಬಾರದು ಅಂತ.

ನನಗೆ ಆಗ ಇಪ್ಪತ್ತೆರಡು. ಅದೇ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಟ್ರೇಸರ್ ಆಗಿದ್ದೆ. ದೊಡ್ಡವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಹರಡಿ ಕಪ್ಪು ಮಸಿಯಲ್ಲಿ ತಿದ್ದುವ ಕೆಲಸ. ಸ್ವಂತ ಬುದ್ಧಿ ಬೇಕಿಲ್ಲ, ಕೈ ನಡುಗಬಾರದು, ಅಷ್ಟೆ. ಅದರಲ್ಲಿ ಒಂದೇ ಒಂದು ಹೆಚ್ಚುಗಾರಿಕೆ ಅಂದರೆ ತಪ್ಪು ಗೆರೆಯನ್ನು ತೆಗೆಯುವುದು. ಅರ್ಧ ಬ್ಲೇಡು ಹಿಡಿದು ಮಸಿಯನ್ನು ಪದರ ಪದರವಾಗಿ ಕೆರೆದು, ಆಮೇಲೆ ಉಗುರಿನಿಂದ ತಿಕ್ಕಿ ಕಾಗದವನ್ನು ಮೊದಲಿನ ಹಾಗೆ ನುಣುಪು ಮಾಡಬೇಕು. ಕಿಟಕಿಗೆ ಹಿಡಿದು ನೋಡಿದರೂ ಅಲ್ಲೊಂದು ಗೆರೆ ಇತ್ತು ಅಂತ ಗೊತ್ತಾಗಬಾರದು. ಇಡೀ ವಿಭಾಗದಲ್ಲಿ ಈ ಕೆಲಸಕ್ಕೆ ನನ್ನ ಕೈ ಒಳ್ಳೆಯದು ಎಂದು ಹೆಸರಾಗಿತ್ತು. ಅದರ ಜಂಬವೂ ನನಗೆ ಸಾಕಷ್ಟಿತ್ತು.

ನಮ್ಮ ಬಡಾವಣೆಯಲ್ಲಿ ಒಂದು ಹವ್ಯಾಸಿ ನಾಟಕ ಸಂಘ ಇತ್ತು. ಕಾರ್ಖಾನೆಯವರು, ಗುಮಾಸ್ತರು, ಇಬ್ಬರು ಮೇಷ್ಟ್ರುಗಳು. ಸಂಘದ ಆಸ್ತಿ ಅಂದರೆ ಯಾವುದೋ ಮುಚ್ಚಿಹೋದ ಕಂಪನಿಯಿಂದ ತಂದ ನಾಲ್ಕು ಬಣ್ಣದ ಪರದೆ. ಅರಮನೆ, ಬೀದಿ, ಕಾಡು, ಮನೆ. ಯಾವ ನಾಟಕ ಬಂದರೂ ಈ ನಾಲ್ಕರೊಳಗೇ ನಡೆಯಬೇಕು. 'ಮನೆ' ಪರದೆಯಲ್ಲಿ ಕಮಾನು, ಗಾಜಿನ ತೂಗುದೀಪ, ಮೂಲೆಯಲ್ಲಿ ಒಂದು ನವಿಲು. ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲೂ ನವಿಲಿರಲಿಲ್ಲ. ಆದರೂ ಇಪ್ಪತ್ತು ರೂಪಾಯಿ ಬಾಡಿಗೆ ಮನೆಯ ಗುಮಾಸ್ತ ನವಿಲಿನ ಮುಂದೆ ನಿಂತು ಕಷ್ಟ ಹೇಳಿಕೊಳ್ಳುತ್ತಿದ್ದ, ನಾವೂ ಕಣ್ಣೊರೆಸಿಕೊಂಡು ನೋಡುತ್ತಿದ್ದೆವು.

ಅಣ್ಣ ಹೋದ ಮರುವರ್ಷ ಹೈಸ್ಕೂಲಿನ ಮೇಷ್ಟ್ರೊಬ್ಬರು ಸಂಘಕ್ಕೆ ತಾವೇ ಬರೆದ ಹೊಸ ನಾಟಕ ತಂದರು. ಆಡಿಸುವವರೂ ಅವರೇ. ನಮ್ಮಂಥದೇ ಒಂದು ಮನೆ. ಮೊದಲ ಅಂಕದಲ್ಲಿ ದೊಡ್ಡ ಮಗ ಅಪ್ಪನ ಜೊತೆ ಮಾತಿಗೆ ಮಾತು ಬೆಳೆಸಿ ಎದ್ದು ಹೋಗುತ್ತಾನೆ. ಇನ್ನೆರಡು ಅಂಕದಲ್ಲಿ ಅವನು ಬರುವುದೇ ಇಲ್ಲ, ತಾಯಿ ಕಾಯುತ್ತಾಳೆ. ಮೇಷ್ಟ್ರು ನನ್ನನ್ನು ಕರೆದು, "ಈ ಸಲ ನವಿಲು ಬೇಡ ಕಣಯ್ಯ. ರಂಗದ ಮೇಲೆ ಏನೇನು ಕಾಣಬೇಕು ಅಂತ ನೀನು ಯೋಚನೆ ಮಾಡು. ಮುಂದಿನ ಭಾನುವಾರ ಎಲ್ಲರ ಮುಂದೆ ಇಟ್ಟು ವಿವರಿಸು. ಒಪ್ಪಿದರೆ ಅದೇ ಮಾಡೋಣ" ಅಂದರು. ನನ್ನ ಜೀವಮಾನದಲ್ಲಿ ಯಾರಾದರೂ ನನ್ನನ್ನು ಯೋಚನೆ ಮಾಡು ಅಂದದ್ದು ಅದೇ ಮೊದಲು.

ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲು ಕತ್ತರಿಸಿ ರಂಗ ಮಾಡಿದೆ. ಒಳಗೆ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿದೆ. ಬೆಂಕಿಕಡ್ಡಿಯಲ್ಲಿ ಕಿಟಕಿ, ಪೆಟ್ಟಿಗೆಯ ಚೂರಿನಲ್ಲಿ ಟ್ರಂಕು, ದಾರದಲ್ಲಿ ಬಟ್ಟೆ ಹಾಕುವ ಹಗ್ಗ. ಏನು ಮಾಡಿದರೂ ಅದು ಪೆಟ್ಟಿಗೆಯೇ ಆಗಿತ್ತು, ಮನೆ ಆಗಿರಲಿಲ್ಲ. ಒಂದು ಸಂಜೆ ತಲೆ ಎತ್ತಿದಾಗ ಎದುರಿಗೆ ಗೋಡೆಯ ಮೇಲೆ ಅಣ್ಣನ ಗುರುತು ಕಂಡಿತು, ಅದರ ಕೆಳಗೆ ಅಮ್ಮ. ನನಗೆ ಮೈ ಜುಮ್ಮೆಂದಿತು. ಅದು ದುಃಖದಿಂದ ಅಲ್ಲ. ಸಿಕ್ಕಿತು ಅನ್ನುವ ಖುಷಿಯಿಂದ. ಇದನ್ನು ಇವತ್ತು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮಾರನೆಯ ದಿನ ಅಮ್ಮ ನಲ್ಲಿಗೆ ಹೋದಾಗ ಗೋಡೆಗೆ ಟ್ರೇಸಿಂಗ್ ಕಾಗದ ಹಿಡಿದು ಗುರುತಿನ ಅಂಚನ್ನು ಇದ್ದ ಹಾಗೇ ಬರೆದುಕೊಂಡೆ. ಒಂದು ಕಡೆ ಅದು ಸ್ವಲ್ಪ ಉದ್ದಕ್ಕೆ ಎಳೆದಿತ್ತು, ಅಣ್ಣ ನಿದ್ದೆಯಲ್ಲಿ ಕಿಟಕಿ ಕಡೆ ವಾಲುತ್ತಿದ್ದನಲ್ಲ, ಅದಕ್ಕೆ. ಕಿಟಕಿಯ ಚೌಕಟ್ಟಿನಿಂದ ಎಷ್ಟು, ನೆಲದಿಂದ ಎಷ್ಟು ಎಂದು ಅಳೆದು, ಮೂಲೆಯಲ್ಲಿ ಅಂಕಿ ಹಾಕಿ, ಎಲ್ಲವನ್ನೂ ಮಸಿಯಲ್ಲಿ ತಿದ್ದಿದೆ. ಆ ಅಂಕಿಗಳು ಈಗ ನೆನಪಿಲ್ಲ. ಟ್ರೇಸರ್ ಆದವನು ಅಂಕಿ ನೆನಪಿಟ್ಟುಕೊಳ್ಳುವುದಿಲ್ಲ, ಕಾಗದದ ಮೇಲೆ ಇದೆಯಲ್ಲ ಅಂದುಕೊಳ್ಳುತ್ತಾನೆ.

ಭಾನುವಾರ ವಾಚನಾಲಯದ ಕೋಣೆಯಲ್ಲಿ ಎಲ್ಲರೂ ಸೇರಿದರು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕಿಟಕಿಯ ಬಾಗಿಲು ಹಾಕಿಸಿ, ಟಾರ್ಚು ಬಿಟ್ಟು ತೋರಿಸಿದೆ. ಟಾರ್ಚನ್ನು ಒಂದು ಪಕ್ಕ ಹಿಡಿದರೆ ಬೆಳಗು. ಕೆಂಪು ಕಾಗದ ಸುತ್ತಿ ಇನ್ನೊಂದು ಪಕ್ಕ ಹಿಡಿದರೆ ಸಂಜೆ. ಮೊದಲ ಅಂಕದಲ್ಲಿ ಹಗ್ಗದ ಮೇಲೆ ಐದು ಬಟ್ಟೆ, ಎರಡನೆಯದರಲ್ಲಿ ನಾಲ್ಕು. ಜನ ಒಬ್ಬರನ್ನೊಬ್ಬರು ತಿವಿದು ಮೆಚ್ಚಿಕೊಂಡರು. ಆಗ ನಾನು ಕೊನೆಗೆ ಇಟ್ಟುಕೊಂಡಿದ್ದ ಮಾತು ತೆಗೆದೆ. ದೊಡ್ಡ ಮಗ ಮೊದಲ ಅಂಕದಲ್ಲಿ ಗೋಡೆಗೆ ತಲೆ ಆನಿಸಿ ಕೂತಿರುತ್ತಾನೆ. ಎದ್ದು ಹೋದ ಮೇಲೆ, ಅವನ ತಲೆ ಇದ್ದ ಜಾಗದಲ್ಲಿ ಎಣ್ಣೆಯ ಗುರುತು ಜನಕ್ಕೆ ಮೊದಲ ಸಲ ಕಾಣಬೇಕು. ಅಲ್ಲಿಂದ ನಾಟಕ ಮುಗಿಯುವವರೆಗೂ ಅದು ಅಲ್ಲೇ ಇರಬೇಕು. ತಾಯಿ ಅದರ ಕಡೆ ನೋಡಲೂಬಾರದು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆದರೆ ಅಪ್ಪನ ಪಾತ್ರ ಮಾಡುವವರು, ಸ್ಟೋರಿನಲ್ಲಿ ಗುಮಾಸ್ತರಾಗಿದ್ದವರು, ಸುಲಭಕ್ಕೆ ಬಗ್ಗುವ ಆಸಾಮಿ ಅಲ್ಲ.

"ಎಲ್ಲಾ ಸರಿ ಕಣಯ್ಯ, ಎಷ್ಟು ದೊಡ್ಡದು ಅದು? ಅಂಗೈ ಅಗಲ. ಹಿಂದಿನ ಸಾಲಲ್ಲಿ ಕೂತೋನಿಗೆ ಏನು ಕಾಣುತ್ತೆ? ಜೊತೆಗೆ ಅಷ್ಟು ಕೆಳಗೆ ಇಟ್ರೆ ಮುಂದೆ ಕೂತೋರ ತಲೇನೇ ಅಡ್ಡ."

ಅದು ನ್ಯಾಯವಾದ ಮಾತೇ. ನಾನು ಕಿಟಕಿ ತೆಗೆಸಿ, ಜೇಬಿನಿಂದ ಟ್ರೇಸಿಂಗ್ ಕಾಗದ ತೆಗೆದು ಮೇಜಿನ ಮೇಲೆ ಹರಡಿದೆ. ಅರ್ಧ ಬ್ಲೇಡು ಯಾವಾಗಲೂ ಜೇಬಿನಲ್ಲೇ ಇರುತ್ತಿತ್ತು. ಎಲ್ಲರೂ ಬಾಗಿ ನೋಡುತ್ತಿದ್ದ ಹಾಗೆ ಅಣ್ಣನ ಗೆರೆಯನ್ನು ಪೂರ್ತಿ ಕೆರೆದೆ. ಅಂಕಿಗಳನ್ನೂ ಕೆರೆದೆ. ಉಗುರಿನಿಂದ ತಿಕ್ಕಿ ನುಣುಪು ಮಾಡಿದೆ. ಅದರ ಮೇಲೆ ಎರಡರಷ್ಟು ಅಗಲದ ಗುಂಡನೆಯ ಗೆರೆ ಎಳೆದು, ಎತ್ತರವನ್ನು ಮೂರೂವರೆ ಅಡಿ ಎಂದು ಹೊಸದಾಗಿ ಬರೆದೆ. ಕಾಗದ ಎತ್ತಿ ಬೆಳಕಿಗೆ ಹಿಡಿದು, "ಎಲ್ಲಿತ್ತು ಹೇಳಿ ನೋಡೋಣ" ಅಂದೆ. ಯಾರಿಗೂ ಹೇಳಲಾಗಲಿಲ್ಲ. ಭಲೇ ಅಂದರು. ಇನ್ನೊಂದು ಕಾಗದದ ಮೇಲೆ ಬರೆಯಬಹುದಿತ್ತು. ಮನೆಯಲ್ಲಿ ಕಾಗದಕ್ಕೆ ಬರವಿರಲಿಲ್ಲ. ಆದರೆ ಟ್ರೇಸರ್ ಎಲ್ಲಿ ತಪ್ಪಿದೆಯೋ ಅಲ್ಲೇ ತಿದ್ದುತ್ತಾನೆ, ನನಗೆ ಅಭ್ಯಾಸವಾಗಿದ್ದದ್ದು ಅದೊಂದೇ.

ಆದರೂ ಅಪ್ಪನ ಪಾತ್ರದವರಿಗೆ ಅನುಮಾನ. "ಎಣ್ಣೆ ಅಂತ ಗೊತ್ತಾಗ್ಬೇಕಲ್ಲ? ಬರೀ ಮಸಿ ಮೆತ್ತಿದ ಹಾಗೆ ಕಂಡ್ರೆ?" ನಾನು ಗೆಲುವಿನ ಗುಂಗಿನಲ್ಲಿದ್ದೆ. "ಬನ್ನಿ ನಮ್ಮನೆಗೆ, ತೋರಿಸ್ತೀನಿ" ಎಂದೆ.

ಆರು ಜನ ಬಂದರು. ಅಮ್ಮ ಗಾಬರಿಯಾಗಿ ಚಾಪೆ ಹಾಸಿ, ಒಳಗೆ ಹೋಗಿ ಕಾಫಿಗೆ ಇಟ್ಟಳು. ನಾನು ಅಡಿಕೋಲು ಹಿಡಿದು ಗೋಡೆಯ ಪಕ್ಕ ನಿಂತು ಪಾಠ ಶುರು ಮಾಡಿದೆ. ನೋಡಿ, ನಡುವೆ ಕಪ್ಪು, ಅಂಚಿಗೆ ಬರ್ತಾ ಬರ್ತಾ ಹಳದಿ. ಇಲ್ಲಿ ಧೂಳು ಕೂತಿದೆ, ಅದು ಹಳೇದು ಅನ್ನೋದಕ್ಕೆ ಗುರುತು. ಇಲ್ಲಿ ಕೂತಿದ್ದ ಮನುಷ್ಯ ಇನ್ನು ಬರೋದಿಲ್ಲ ಅಂತ ಜನಕ್ಕೆ ಮಾತಿಲ್ಲದೆ ಗೊತ್ತಾಗ್ಬೇಕು. ಅಳತೆ ಎಲ್ಲ ತಗೊಂಡಿದೀನಿ. ಹೀಗೆಲ್ಲ ಹೇಳಿದೆ. ಅಡುಗೆಮನೆಗೂ ಮುಂಗೋಣೆಗೂ ನಡುವೆ ಬಾಗಿಲೇ ಇರಲಿಲ್ಲ. ಸ್ಟೌವಿನ ಸದ್ದು ನಿಂತದ್ದು ನನಗೆ ಕೇಳಿಸಿತ್ತು. ಮಾತು ನಿಲ್ಲಿಸಲಿಲ್ಲ.

ದೊಡ್ಡ ಮಗನ ಪಾತ್ರ ಮಾಡುವವನು ಲೇತ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಲವಲವಿಕೆಯ ಹುಡುಗ. ಭಾನುವಾರವಾದ್ದರಿಂದ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಬಾಚಿ ಬಂದಿದ್ದ. "ಇರು ಗುರು, ಕೂತೇ ನೋಡ್ತೀನಿ" ಎಂದವನೇ ಕಿಟಕಿ ಪಕ್ಕ ಕುಕ್ಕರಿಸಿ, ಮಂಡಿ ಎತ್ತಿ, ಗೋಡೆಗೆ ತಲೆ ಆನಿಸಿಬಿಟ್ಟ.

ಆಗ ನಾನು ಬೇಡ ಅನ್ನಬೇಕಿತ್ತು. ಇಷ್ಟು ವರ್ಷದಲ್ಲಿ ಎಷ್ಟೋ ಸಲ ಆ ಕ್ಷಣಕ್ಕೆ ಹೋಗಿ ಬೇಡ ಅಂದಿದ್ದೇನೆ. ಅವತ್ತು ನಾನು ಅಂದದ್ದು ಬೇರೆ.

"ಸ್ವಲ್ಪ ಮೇಲೆ ಬಾ. ಕೆಳಗೆ ಚಾಪೆ ಮಡಚಿ ಹಾಕ್ಕೋ. ಹಾಂ, ಇನ್ನೂ ಸ್ವಲ್ಪ. ತಲೆ ಈ ಕಡೆ ವಾಲಿಸು."

ಅವನು ಚಾಪೆ ಮಡಚಿ ಹಾಕಿಕೊಂಡು ಮೇಲೆ ಸರಿದ, ಕೆಳಗೆ ಸರಿದ, ನಿದ್ದೆ ಬಂದವನ ಹಾಗೆ ತಲೆ ಆ ಕಡೆ ಈ ಕಡೆ ಹೊರಳಿಸಿದ. ಎಲ್ಲರೂ ನಕ್ಕರು, ಮೇಷ್ಟ್ರೊಬ್ಬರನ್ನು ಬಿಟ್ಟು. ಅವರು ಅಡುಗೆಮನೆಯ ಹೊಸ್ತಿಲ ಕಡೆ ನೋಡುತ್ತಿದ್ದರು. ತಿರುಗಿದರೆ ಅಮ್ಮ ಕಾಫಿ ಲೋಟದ ತಟ್ಟೆ ಹಿಡಿದು ನಿಂತಿದ್ದಳು. ಅವಳು ಯಾವಾಗಿನಿಂದ ಅಲ್ಲಿದ್ದಳೋ ತಿಳಿಯದು. ಹುಡುಗ ತಡಬಡಿಸಿ ಎದ್ದ. ಗೋಡೆಯ ಮೇಲೆ, ಮೊದಲಿದ್ದ ಗುರುತಿನ ಮೇಲೂ ಕೆಳಗೂ ಸುತ್ತಲೂ, ಹಸಿ ಎಣ್ಣೆ ಹೊಳೆಯುತ್ತಿತ್ತು.

"ಕಾಫಿ ಆರ್ಹೋಗುತ್ತೆ, ತಗೊಳ್ಳಿ" ಎಂದಳು ಅಮ್ಮ, ಒಬ್ಬೊಬ್ಬರಿಗೂ ಲೋಟ ಕೊಡುತ್ತ. ಆ ಹುಡುಗನಿಗೂ ಕೊಟ್ಟಳು. ಸಕ್ಕರೆ ಸಾಕೇನಪ್ಪ ಎಂದು ಕೇಳಿದಳು.

ಅವರು ಹೋದ ಮೇಲೆ ಅವಳು ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಸಂಜೆ ಅಕ್ಕಿ ಮೊರವನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಳು. ಮೂರು ದಿನ ಹಾಗೇ ಕಳೆಯಿತು. ಸುಣ್ಣದ ಗೋಡೆಯಲ್ಲಿ ಎಣ್ಣೆ ತಾನಾಗಿ ಹರಡಿಕೊಳ್ಳುತ್ತದೆ. ಮೂರು ದಿನದಲ್ಲಿ ಹಳೆಯದೂ ಹೊಸದೂ ಸೇರಿ ಒಂದೇ ಆಗಿ, ಮೊರದಗಲ ಹಬ್ಬಿತು. ನಾಲ್ಕನೆಯ ದಿನ ನಾನು ಕಾರ್ಖಾನೆಯಿಂದ ಬಂದಾಗ ದೀಪ ಹಚ್ಚುವ ಹೊತ್ತು. ಅಮ್ಮ ಬುಡ್ಡಿದೀಪ ಹಿಡಿದು ಗೋಡೆಗೆ ಮುಖ ಹತ್ತಿರ ಮಾಡಿ ನಿಂತಿದ್ದಳು.

"ಇದರಲ್ಲಿ ಅವನ್ದು ಎಲ್ಲಿವರೆಗೂ ಇತ್ತೋ?" ಎಂದು ಕೇಳಿದಳು. ನನ್ನ ಕಡೆ ತಿರುಗಲಿಲ್ಲ. "ನಂಗೆ ಗೊತ್ತಾಗ್ತಾ ಇಲ್ಲ. ದಿನಾ ನೋಡ್ತಿದ್ದೆ, ಆದ್ರೂ ಈಗ ಗೊತ್ತಾಗ್ತಾ ಇಲ್ಲ. ನೀನು ಅಳತೆ ತಗೊಂಡಿದೀನಿ ಅಂದ್ಯಲ್ಲ ಅವತ್ತು, ಬರೆದಿಟ್ಟಿರ್ತೀಯ. ನೋಡಿ ಹೇಳೋ."

ನನ್ನ ಕೆಲಸದ ಬಗ್ಗೆ ಅಮ್ಮನಿಗೆ ಇದ್ದ ನಂಬಿಕೆ ಅಷ್ಟಿಷ್ಟಲ್ಲ. ಮಗ ಯಂತ್ರಗಳ ನಕ್ಷೆ ಬರೆಯುತ್ತಾನೆ, ಕೂದಲಷ್ಟು ವ್ಯತ್ಯಾಸ ಬಂದರೆ ಯಂತ್ರ ಓಡುವುದಿಲ್ಲ ಎಂದು ಸಾಲಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು. ನಾನು ಒಳಗೆ ಹೋಗಿ ಕಾಗದ ತೆಗೆದೆ. ಅದರ ಮೇಲೆ ದೊಡ್ಡ ಗುಂಡನೆಯ ಗೆರೆ, ಮೂರೂವರೆ ಅಡಿ. ಅಣ್ಣನ ತಲೆ ವಾಲುತ್ತಿದ್ದ ಕಡೆಗೆ ಎಳೆದುಕೊಂಡಿದ್ದ ಆ ಅಂಚು ಇಲ್ಲ. ಹೊರಗಿನ ಬೆಳಕಿಗೆ ಹಿಡಿದೆ, ಓರೆ ಹಿಡಿದೆ, ಬೆರಳಿನಲ್ಲಿ ಸವರಿದೆ. ಏನೂ ಇರಲಿಲ್ಲ.

ಅಳಿಸಿಬಿಟ್ಟೆ ಅಮ್ಮ, ಅನ್ನುವುದು ಎರಡೇ ಮಾತು. ಅದನ್ನು ಹೇಳುವ ಬದಲು ಪೆನ್ಸಿಲ್, ಅಡಿಕೋಲು ತೆಗೆದುಕೊಂಡು ಗೋಡೆಯ ಹತ್ತಿರ ಹೋದೆ. ಕಾಗದ ನೋಡಿ ನೋಡಿ ಅಳೆಯುವವನ ಹಾಗೆ ನಟಿಸುತ್ತ, ಅಂದಾಜಿನ ಮೇಲೆ ಆ ಜಿಡ್ಡಿನ ನಡುವೆ ಒಂದು ಗೆರೆ ಎಳೆದೆ. ನಾಟಕ ಸಂಘದಲ್ಲಿ ಯಾವತ್ತೂ ಪಾತ್ರ ಮಾಡದವನು ಅವತ್ತು ಮಾಡಿದೆ. ಅಮ್ಮ ಬುಡ್ಡಿ ಹಿಡಿದುಕೊಂಡೇ ಇದ್ದಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅಮ್ಮ."

ಅವಳು ಬುಡ್ಡಿಯನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು. ಮಾರನೆಯ ಸಂಜೆ ಮೊರ ಹಿಡಿದು ಗೋಡೆಯ ಹತ್ತಿರ ಬಂದು ಕೂತಳು. ನನಗೆ ಎಷ್ಟು ಹಗುರವಾಯಿತು ಅಂದರೆ ಅವತ್ತು ಎರಡು ಮುದ್ದೆ ಉಂಡೆ.

ನಾಟಕ ಎರಡು ಸಲ ಆಡಿದರು. ಎರಡನೆಯ ಆಟ ಹೆಂಗಸರು ಮಕ್ಕಳಿಗೆಂದು ಭಾನುವಾರ ಮಧ್ಯಾಹ್ನ, ಶಾಲೆಯ ಶೆಡ್ಡಿನಲ್ಲಿ. ಬಿದಿರಿನ ಚೌಕಟ್ಟಿಗೆ ಬಟ್ಟೆ ಬಿಗಿದು ಸುಣ್ಣ ಬಳಿದ ಗೋಡೆ ಮಾಡಿದ್ದೆ. ಗುರುತಿಗೆ ಹರಳೆಣ್ಣೆಯಲ್ಲಿ ಚೂರು ಇದ್ದಿಲ ಪುಡಿ ಕಲಸಿ ಅಂಗೈಯಲ್ಲಿ ಒತ್ತಿದ್ದೆ. ಮೂರೂವರೆ ಅಡಿ ಎತ್ತರದಲ್ಲಿ ಅವನ ತಲೆ ಬರಲಿ ಎಂದು ದೊಡ್ಡ ಮಗನಿಗೆ ಚಾಪೆಯ ಬದಲು ಒಂದು ಟ್ರಂಕು ಹಾಕಿದ್ದೆ. ಅವನು ಎದ್ದು ಹೋಗುತ್ತಲೇ ಶೆಡ್ಡಿನಲ್ಲಿ ಒಂದಿಬ್ಬರು ಹೆಂಗಸರು ಕಿಸಕ್ಕೆಂದರು. ನೋಡೇ ನಮ್ಮನೇ ಗೋಡೆ ಇದ್ದ ಹಾಗೇ ಇದೆ ಅಂದದ್ದು ಪಕ್ಕದ ಮರೆಯಲ್ಲಿ ನಿಂತ ನನಗೂ ಕೇಳಿಸಿತು. ಆಮೇಲೆ ಯಾರೂ ನಗಲಿಲ್ಲ. ಮೂರನೆಯ ಅಂಕದಲ್ಲಿ ಶೆಡ್ಡಿನ ತುಂಬ ಮೂಗೆಳೆಯುವ ಸದ್ದು. ಆಟ ಮುಗಿದ ಮೇಲೆ ಅಪ್ಪನ ಪಾತ್ರದವರು ಬಣ್ಣ ಮೆತ್ತಿದ ಕೈಯಲ್ಲೇ ನನ್ನ ಬೆನ್ನು ತಟ್ಟಿ, "ಗೆದ್ದೆ ಕಣಯ್ಯ, ನಿನ್ನ ಗೋಡೆ ಗೆಲ್ತು" ಎಂದರು.

ಅಮ್ಮ ಬಂದಿದ್ದಳು, ಎರಡನೆಯ ಸಾಲಿನಲ್ಲಿ ಕೂತಿದ್ದಳು. ಅಳಲಿಲ್ಲ. ಬಿಸಿಲಿನಲ್ಲಿ ಮನೆಗೆ ನಡೆದು ಬರುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದಳು.

"ಅಷ್ಟು ಮೇಲೆ ಯಾಕೋ ಇಟ್ಟೆ ಅದನ್ನ?"

"ಹಿಂದಿನ ಸಾಲಿಗೂ ಕಾಣ್ಲಿ ಅಂತಮ್ಮ."

"ಹಿಂದಿನ ಸಾಲಿಗಾ" ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಅವತ್ತು ನೋಡ್ಕೊಂಡು ಗೋಡೆ ಮೇಲೆ ಗೆರೆ ಎಳೆದ್ಯಲ್ಲ, ಅದೂ ಇದೇ ಕಾಗದನಾ?" ಎಂದು ಕೇಳಿದಳು. ನಾನು ಹೂಂ ಅಂದೆ. ನನ್ನ ತಲೆಯಲ್ಲಿ ಇನ್ನೂ ಚಪ್ಪಾಳೆ ಇತ್ತು, ಅವಳ ಪ್ರಶ್ನೆಯ ಬೆನ್ನು ಹತ್ತಲು ನನಗೆ ಪುರುಸೊತ್ತಿರಲಿಲ್ಲ.

ದಸರೆ ಬಂತು. ಸುಣ್ಣದವನು ಬಂದ, ಹೋದ ವರ್ಷದವನೇ. ರಜೆಯ ದಿನ, ನಾನು ಹಿತ್ತಿಲ ಬಾಗಿಲಲ್ಲಿ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಮಾಡಿಕೊಳ್ಳುತ್ತಿದ್ದೆ. ಅವನು ಒಳಗಿನ ಕೋಣೆ ಮುಗಿಸಿ ಮುಂಗೋಣೆಗೆ ಬಂದ. ಕಿಟಕಿ ಪಕ್ಕದ ಗೋಡೆಯ ಮುಂದೆ ಕುಂಚ ಎತ್ತಿ ನಿಂತು, "ಇದನ್ನ ಹೋದ್ಸಲದಂಗೆ ಬುಟ್ಬುಡ್ಲಾ ಅಮ್ಮಾರೆ? ಇಲ್ಲ ಈ ಪೆನ್ಸಿಲ್ ಗೆರೆ ಒಳಗೆ ಮಾತ್ರ ಬುಟ್ಟು ಬಳೀಲಾ?" ಎಂದು ಕೇಳಿದ.

ಅಮ್ಮ ಗೋಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

"ಏನೂ ಬಿಡ್ಬೇಡಪ್ಪ, ಪೂರ್ತಿ ಬಳಿದ್ಬಿಡು" ಎಂದಳು. "ಅದು ನಮ್ಮ ಹುಡುಗಂದಲ್ಲ. ನಾಟಕದ್ದು."

ಮುಖದ ಮೇಲೆ ಸೋಪಿನ ನೊರೆ ಇಟ್ಟುಕೊಂಡು ನಾನು ಹಾಗೇ ನಿಂತಿದ್ದೆ. ಅವನು ಮೂರು ಸಲ ಕುಂಚ ಎಳೆದ, ಗೋಡೆ ಬಿಳಿಯಾಯಿತು. ಅಮ್ಮ ಅವನಿಗೆ ಮಜ್ಜಿಗೆ ತರಲು ಒಳಗೆ ಹೋದಳು. ಆ ವಿಷಯವನ್ನು ಅವಳು ಆಮೇಲೆ ಯಾವತ್ತೂ ಎತ್ತಲಿಲ್ಲ, ಸಾಯುವವರೆಗೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನಗೆ ಬಡಿಸುವಾಗ, ನನ್ನ ಮದುವೆಯಲ್ಲಿ, ನನ್ನ ಮಗುವಿನ ತಲೆಗೆ ಎಣ್ಣೆ ಒತ್ತುವಾಗ, ಯಾವಾಗಲೂ ಅವಳು ಮೊದಲಿನ ಅಮ್ಮನೇ. ಗೋಡೆಗೆ ಬೆನ್ನು ಕೊಟ್ಟು ಕೂರುವುದನ್ನು ಮಾತ್ರ ಬಿಟ್ಟಳು.

ಆ ಟ್ರೇಸಿಂಗ್ ಕಾಗದ ಈಗಲೂ ನನ್ನ ಟ್ರಂಕಿನಲ್ಲಿದೆ, ಹಳದಿಯಾಗಿ, ಮಡಿಕೆಯಲ್ಲಿ ಬಿರುಕು ಬಿಟ್ಟಿದೆ. ವರ್ಷಕ್ಕೊಂದು ಸಲ ತೆಗೆಯುತ್ತೇನೆ. ಕಿಟಕಿಯ ಗಾಜಿಗೆ ಅಂಟಿಸಿ ಹಿಡಿಯುತ್ತೇನೆ. ಬ್ಲೇಡು ಎಷ್ಟೇ ಹಗುರವಾಗಿ ಆಡಿಸಿದರೂ ಕಾಗದ ಕೂದಲೆಳೆಯಷ್ಟು ತೆಳ್ಳಗಾಗುತ್ತದೆ, ಹಳೆಯದಾದ ಮೇಲೆ ಅಲ್ಲಿ ಬೆಳಕು ಹೆಚ್ಚು ಇಳಿಯುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಭೂತಗನ್ನಡಿ ಇಟ್ಟು ಅಂಚಿನಿಂದ ಅಂಚಿಗೆ ಹುಡುಕುತ್ತೇನೆ, ಅಣ್ಣನ ತಲೆ ಕಿಟಕಿ ಕಡೆ ವಾಲಿದ್ದ ಆ ಒಂದು ಗೆರೆಗಾಗಿ. ಇಲ್ಲಿಯವರೆಗೆ ಸಿಕ್ಕಿಲ್ಲ. ಅವತ್ತು ನಾನು ಅಷ್ಟು ಚೆನ್ನಾಗಿ ಕೆರೆದಿದ್ದೆ.